ಕೂಸಿನ ಗುದದ ಪಕ್ಕ ಕುರು: ನಿಮ್ಮ ಪ್ರಶ್ನೆ, ವೈದ್ಯರ ಉತ್ತರ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ತಾಯಂದಿರ ಒಂದೇ ಬಗೆಯ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಜಾಗ ಹೇಳಿಕೊಳ್ಳಲು ಮುಜುಗರದ್ದು. ಅದಕ್ಕೇ ಎಷ್ಟೋ ಮನೆಗಳಲ್ಲಿ ಆಸ್ಪತ್ರೆಗೆ ಹೋಗುವ ಮೊದಲು ಅಡುಗೆಮನೆಯ ಮದ್ದೆಲ್ಲ ಮುಗಿದಿರುತ್ತದೆ.

ಸಕಲೇಶಪುರದಿಂದ: ಮಗನಿಗೆ ನಾಲ್ಕು ತಿಂಗಳು. ಮೂರು ದಿನದ ಹಿಂದೆ ತೊಳೆಯುವಾಗ ಗುದದ್ವಾರದ ಎಡಪಕ್ಕ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಈಗ ಕೆಂಪಾಗಿದೆ, ಮುಟ್ಟಿದರೆ ಚೀರುತ್ತಾನೆ. ಜ್ವರ ಇಲ್ಲ, ಹಾಲು ಚೆನ್ನಾಗಿ ಕುಡಿಯುತ್ತಾನೆ. ಅರಿಶಿನ ಸುಣ್ಣ ಹಚ್ಚು, ಒಡೆದುಹೋಗುತ್ತದೆ ಅಂತಾರೆ ಅತ್ತೆ. ಡಾಕ್ಟರು ಬೆಚ್ಚಗಿನ ನೀರಲ್ಲಿ ಕೂರಿಸಿ, ಎರಡು ದಿನ ಬಿಟ್ಟು ತೋರಿಸಿ ಅಂದರು. ಕೀವು ಇದ್ದರೆ ತೆಗೆಯಬೇಕಲ್ಲವೇ? ಕಾಯುವುದು ಸರಿಯೇ?

ನಿಮ್ಮ ಡಾಕ್ಟರು ಹೇಳಿದ್ದು ಸರಿ. ಗುದದ್ವಾರದ ಸ್ವಲ್ಪ ಒಳಗೆ, ಚರ್ಮ ಮುಗಿದು ಕರುಳಿನ ಒಳಪದರ ಶುರುವಾಗುವ ಗೆರೆಯಲ್ಲಿ, ಸಣ್ಣ ಸಣ್ಣ ಜೇಬುಗಳ ಸಾಲಿದೆ. ಅವುಗಳ ತಳದಲ್ಲಿ ಲೋಳೆ ಸುರಿಸುವ ಗ್ರಂಥಿಗಳು ಬಾಯಿ ತೆರೆಯುತ್ತವೆ. ಕೆಲವು ಗಂಡು ಕೂಸುಗಳಲ್ಲಿ ಈ ಜೇಬುಗಳು ಹುಟ್ಟಿನಿಂದಲೇ ಆಳ. ಮಲ ಅಲ್ಲಿ ಸಿಕ್ಕಿಕೊಂಡು, ಗ್ರಂಥಿ ಕಟ್ಟಿಕೊಂಡು, ಕರುಳಲ್ಲೇ ಇರುವ ಬ್ಯಾಕ್ಟೀರಿಯಾ ಅಲ್ಲಿ ಬೆಳೆದು ಕೀವಾಗುತ್ತದೆ. ಆ ಕೀವು ಹೊರದಾರಿ ಹುಡುಕುತ್ತಾ ಪಕ್ಕದ ಚರ್ಮದಡಿಗೆ ಬರುತ್ತದೆ. ಅದಕ್ಕೇ ಈ ಕುರು ಸಾಮಾನ್ಯವಾಗಿ ಎಡಕ್ಕೋ ಬಲಕ್ಕೋ ಏಳುವುದು, ಹೆಚ್ಚಾಗಿ ಒಂದು ವರ್ಷದೊಳಗಿನ ಗಂಡು ಕೂಸುಗಳಲ್ಲಿ ಕಾಣುವುದು. ನಿಮ್ಮ ಕೊಳಕಿನಿಂದಲೋ ತಪ್ಪಿನಿಂದಲೋ ಬಂದದ್ದಲ್ಲ.

ಕುರುವಿನ ಬೇರು ಒಳಗಿನ ಜೇಬಿನಲ್ಲಿರುವುದರಿಂದ ಹೊರಗೆ ಕೊಯ್ದ ಮಾತ್ರಕ್ಕೆ ಕಥೆ ಮುಗಿಯುವುದಿಲ್ಲ. ಜ್ವರವಿಲ್ಲದ, ಹಾಲು ಕುಡಿಯುವ ಕೂಸಿನಲ್ಲಿ ಸಣ್ಣ ಗಂಟು ಎಷ್ಟೋ ಸಲ ತಾನೇ ಇಂಗುತ್ತದೆ, ಇಲ್ಲವೇ ತಾನೇ ಒಡೆದು ಕೀವು ಹರಿದುಹೋಗುತ್ತದೆ. ಹಾಗೆ ಒಡೆದರೆ ಗಾಬರಿ ಬೇಡ, ನೋವು ಅವತ್ತೇ ಅರ್ಧ ಇಳಿಯುತ್ತದೆ.

ನೀರಿನಲ್ಲಿ ಕೂರಿಸುವ ಕ್ರಮ ಹೀಗೆ. ಅಗಲ ಬಾಯಿಯ ಟಬ್ಬಿಗೆ ಮೊದಲು ತಣ್ಣೀರು ಹಾಕಿ, ಆಮೇಲೆ ಹಂಡೆಯ ಬಿಸಿನೀರು ಬೆರೆಸಿ. ಬಿಸಿನೀರು ಮೊದಲು ಸುರಿದಿಟ್ಟು ತಣ್ಣೀರು ತರಲು ಎದ್ದುಹೋದಾಗಲೇ ಮಕ್ಕಳು ಸುಟ್ಟುಕೊಳ್ಳುವುದು. ನೀರು ಎರಡು ಮೂರು ಇಂಚು ಸಾಕು. ಮೊಣಕೈ ಅದ್ದಿದರೆ ಬೆಚ್ಚಗೆ ಅನ್ನಿಸಬೇಕು, ಬಿಸಿ ಅನ್ನಿಸಬಾರದು. ಐದರಿಂದ ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ, ಜೊತೆಗೆ ಪ್ರತಿ ಸಲ ಕಕ್ಕ ಮಾಡಿದ ಮೇಲೆ. ಒಂದು ಕೈ ಕತ್ತಿನ ಹಿಂದೆಯೇ ಇರಲಿ. ಡೆಟಾಲ್, ಉಪ್ಪು, ಬೇವಿನ ಸೊಪ್ಪು ಯಾವುದೂ ಬೇಡ, ಬರೀ ನೀರು. ಆಮೇಲೆ ಹಳೇ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ (ಉಜ್ಜಬೇಡಿ), ಹತ್ತು ಹದಿನೈದು ನಿಮಿಷ ಹಾಗೇ ಗಾಳಿಗೆ ಬಿಡಿ.

ಅರಿಶಿನ ಸುಣ್ಣ ಖಂಡಿತ ಬೇಡ. ಸುಣ್ಣ ಕ್ಷಾರ, ಕೂಸಿನ ಎಳೆ ಚರ್ಮವನ್ನು ಸುಡುತ್ತದೆ. ಸುಟ್ಟ ಗಾಯದ ಕೆಂಪು ಯಾವುದು, ಕುರುವಿನ ಕೆಂಪು ಯಾವುದು ಎಂದು ಆಮೇಲೆ ವೈದ್ಯರಿಗೂ ಗೊತ್ತಾಗುವುದಿಲ್ಲ. ಸುಟ್ಟ ಈರುಳ್ಳಿ ಕಟ್ಟುವುದು, ಬಿಸಿ ಹಿಟ್ಟಿನ ಪಟ್ಟು ಹಾಕುವುದು, ಅಂಗಡಿಯ ಕಪ್ಪು ಮುಲಾಮು ಮೆತ್ತುವುದು ಕೂಡ ಬೇಡ. ಎಲ್ಲಕ್ಕಿಂತ ಕೆಟ್ಟದ್ದು ಹಿಂಡುವುದು. ಹಿಂಡಿದಾಗ ಕೀವು ಹೊರಗಷ್ಟೇ ಬರುವುದಿಲ್ಲ, ಪಕ್ಕದ ಕೊಬ್ಬಿನೊಳಕ್ಕೂ ನುಗ್ಗುತ್ತದೆ. ಎಣ್ಣೆ ನೀರು ಹಾಕುವ ಅಜ್ಜಿಗೂ ಇದನ್ನು ಮೊದಲೇ ಹೇಳಿಡಿ.

ನೋವಿಗೆ ಪ್ಯಾರಾಸಿಟಮಾಲ್ ಸಾಕು: ಪ್ರತಿ ಕಿಲೋ ತೂಕಕ್ಕೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಆರು ಕಿಲೋ ಮಗುವಿಗೆ 90 ಮಿಲಿಗ್ರಾಂ ಆಯಿತು. ಎಡವಟ್ಟಾಗುವುದು ಅಳತೆಯಲ್ಲಿ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿ.ಲೀ.ನಲ್ಲೇ 100 ಮಿಲಿಗ್ರಾಂ ಇರುತ್ತದೆ, ಸಿರಪ್‌ನಲ್ಲಿ 5 ಮಿ.ಲೀ.ಗೆ 125 ಅಥವಾ 250. ಹಾಗಾಗಿ ಡ್ರಾಪ್ಸ್ ಆದರೆ 0.9 ಮಿ.ಲೀ., 125ರ ಸಿರಪ್ ಆದರೆ 3.6 ಮಿ.ಲೀ. 125ರ ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ನಾಲ್ಕು ಪಟ್ಟು ಔಷಧಿ ಹೋಗುತ್ತದೆ. ಬಾಟಲಿಯ ಮೇಲಿನದ್ದನ್ನು ಓದಿ, ಸೂಜಿ ಇಲ್ಲದ ಸಿರಿಂಜಿನಲ್ಲೇ ಅಳೆಯಿರಿ. ಮೂರು ತಿಂಗಳೊಳಗಿನ ಕೂಸಿಗೆ ಮಾತ್ರ ವೈದ್ಯರನ್ನು ಕೇಳದೆ ಕೊಡಬೇಡಿ.

ಕೆಂಪು ಎಲ್ಲಿವರೆಗಿದೆಯೋ ಅದರ ಅಂಚಿಗೆ ಬಾಲ್‌ಪೆನ್ನಿನಿಂದ ಚುಕ್ಕಿ ಚುಕ್ಕಿಯಾಗಿ ಒಂದು ಸುತ್ತು ಹಾಕಿ. ತೊಳೆದಾಗ ಅಳಿಸಿದರೆ ಮತ್ತೆ ಹಾಕಿ. ಕೆಂಪು ಆ ಗೆರೆ ದಾಟಿತೆಂದರೆ ಕಾಯುವ ಕಾಲ ಮುಗಿಯಿತು. ಹಾಗೆಯೇ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ, ಹಾಲು ಬಿಡುವುದು, ಎಬ್ಬಿಸಿದರೂ ಮಂಕಾಗಿರುವುದು, ಆರೇಳು ಗಂಟೆ ಉಚ್ಚೆ ಇಲ್ಲದಿರುವುದು, ಬಾವು ವೃಷಣದ ಚೀಲದ ಕಡೆಗೆ ಹಬ್ಬುವುದು, ಚರ್ಮ ನೇರಳೆಗೋ ಕಪ್ಪಿಗೋ ತಿರುಗುವುದು. ಇವುಗಳಲ್ಲಿ ಒಂದು ಕಂಡರೂ ರಾತ್ರಿಯಾದರೂ ಹೊರಡಿ, 108ಕ್ಕೆ ಫೋನ್ ಮಾಡಿ. ಹುಟ್ಟಿ ಒಂದು ತಿಂಗಳೂ ಆಗದ ಕೂಸಿಗೆ ಇಂಥ ಗಂಟು ಬಂದರೆ ಮನೆಯಲ್ಲಿ ಕಾಯುವ ಮಾತೇ ಇಲ್ಲ, ಅವತ್ತೇ ತೋರಿಸಿ.

ಗಂಟು ಮೆತ್ತಗಾಗಿ, ಮೇಲಿನ ಚರ್ಮ ತೆಳ್ಳಗೆ ಹೊಳೆಯುತ್ತಾ, ಮಗು ನೋವಿಗೆ ನಿದ್ದೆ ಮಾಡದಂತಾದರೆ ಕೀವು ತೆಗೆಸಬೇಕು. ಸ್ವಲ್ಪ ಹೊತ್ತಿನ ಅರಿವಳಿಕೆ, ಅತಿ ಮೆತ್ತಗಿರುವ ಜಾಗದಲ್ಲಿ ಸಣ್ಣದೊಂದು ಕೊಯ್ತ, ಅಷ್ಟೇ. ಜ್ವರ ಇದ್ದರೆ ಅಥವಾ ಸುತ್ತಲ ಚರ್ಮಕ್ಕೆ ಸೋಂಕು ಹಬ್ಬಿದ್ದರೆ ಮಾತ್ರ ಆ್ಯಂಟಿಬಯಾಟಿಕ್ ಬೇಕು. ಸುಮ್ಮನೆ ಕೊಟ್ಟರೆ ಭೇದಿ ಹತ್ತಿ, ಇರುವ ಗಾಯದ ಮೇಲೆ ದಿನಕ್ಕೆ ಹತ್ತು ಸಲ ಮಲ ಬೀಳುತ್ತದೆ.

ಬೇಲೂರಿನಿಂದ: ಮಗನಿಗೆ ಏಳು ತಿಂಗಳು. ಎರಡು ತಿಂಗಳ ಹಿಂದೆ ಕುರು ತಾನೇ ಒಡೆಯಿತು. ಅಂದಿನಿಂದ ಅಲ್ಲೊಂದು ಸಾಸಿವೆಕಾಳಿನಷ್ಟು ತೂತು. ವಾರ ಮುಚ್ಚಿರುತ್ತದೆ, ಆಮೇಲೆ ಗುಳ್ಳೆಯಾಗಿ ಊದಿ ಒಂದು ತೊಟ್ಟು ಕೀವು ಬರುತ್ತದೆ, ಮತ್ತೆ ಮುಚ್ಚುತ್ತದೆ. ಒಬ್ಬರು ಫಿಸ್ಟುಲಾ, ತಕ್ಷಣ ಆಪರೇಷನ್ ಅಂದರು. ಇನ್ನೊಬ್ಬರು ಒಂದು ವರ್ಷ ಆಗಲಿ ಅಂದರು. ಯಾರ ಮಾತು ಕೇಳಬೇಕು?

ಎರಡನೆಯವರ ಮಾತು. ನೀವು ಬರೆದಿರುವುದು ಫಿಸ್ಟುಲಾವೇ, ನಮ್ಮವರು ಭಗಂದರ ಅನ್ನುವುದು. ಒಳಗಿನ ಜೇಬಿನಿಂದ ಹೊರಗಿನ ಚರ್ಮದವರೆಗೆ ಕೀವು ಕೊರೆದುಕೊಂಡ ಸಣ್ಣ ಸುರಂಗ ಅದು. ಹೊರಬಾಯಿ ಮುಚ್ಚಿದರೂ ಒಳಬಾಯಿ ತೆರೆದೇ ಇರುವುದರಿಂದ ಮತ್ತೆ ತುಂಬುತ್ತದೆ, ಮತ್ತೆ ಒಡೆಯುತ್ತದೆ. ಕುರು ಬಂದ ಕೂಸುಗಳಲ್ಲಿ ಗಣನೀಯ ಪಾಲಿಗೆ ಹೀಗಾಗುತ್ತದೆ, ಕೊಯ್ದು ತೆಗೆಸಿದರೂ ಆಗುತ್ತದೆ. ಆದ್ದರಿಂದ ತಾನೇ ಒಡೆಯಲು ಬಿಟ್ಟೆನಲ್ಲಾ ಎಂದು ನೊಂದುಕೊಳ್ಳಬೇಡಿ.

ಭಗಂದರ ಎಂದೊಡನೆ ಮನೆಯ ಹಿರಿಯರೊಬ್ಬರು ವರ್ಷಗಟ್ಟಲೆ ನರಳಿದ್ದು ನೆನಪಿಗೆ ಬಂದು ಭಯವಾಗುತ್ತದೆ. ಕೂಸಿನದು ಅದೇ ಹೆಸರಿನ ಬೇರೆ ಕಾಯಿಲೆ ಎಂದುಕೊಳ್ಳಿ. ದೊಡ್ಡವರಲ್ಲಿ ಸುರಂಗ ಬಳಸಿ ಹೋಗಬಹುದು, ಕವಲೊಡೆಯಬಹುದು, ಮಲ ಹಿಡಿದಿಡುವ ಸ್ನಾಯುವಿನ ದಪ್ಪ ಭಾಗವನ್ನೇ ತೂರಬಹುದು. ಕೂಸಿನಲ್ಲಿ ಅದು ಚಕ್ರದ ಕಡ್ಡಿಯ ಹಾಗೆ ನೇರ, ಗಿಡ್ಡ, ಚರ್ಮದ ಹತ್ತಿರವೇ ಇರುತ್ತದೆ. ಹೆಚ್ಚಿನವು ಮಗುವಿಗೆ ಒಂದು, ಒಂದೂವರೆ ವರ್ಷ ತುಂಬುವಷ್ಟರಲ್ಲಿ ತಾವಾಗಿ ಮುಚ್ಚಿಹೋಗುತ್ತವೆ. ಮಗು ನಗುತ್ತಾ, ತೂಕ ಏರಿಸುತ್ತಾ ಇದ್ದರೆ ಆ ತೊಟ್ಟು ಕೀವಿಗೆ ಅಂಜುವ ಕಾರಣವಿಲ್ಲ. ನೀರಿನಲ್ಲಿ ಕೂರಿಸುವುದನ್ನು ಮುಂದುವರಿಸಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಹಾಕಿಸಿ ತಾಯಿ ಕಾರ್ಡಿನಲ್ಲಿ ಗುರುತು ಮಾಡಿಸಿ. ಎಷ್ಟನೇ ತಾರೀಖು ಊದಿತು, ಎಷ್ಟನೇ ತಾರೀಖು ಸುರಿಯಿತು ಎಂದು ಕ್ಯಾಲೆಂಡರಿನ ಮೇಲೆ ಬರೆಯಿರಿ. ನಡುವಿನ ದಿನಗಳು ಉದ್ದವಾಗುತ್ತಾ ಹೋದರೆ ಮುಚ್ಚುತ್ತಿದೆ ಎಂದರ್ಥ. ತಿಂಗಳುಗಟ್ಟಲೆ ಆ್ಯಂಟಿಬಯಾಟಿಕ್ ಕೊಡಿಸಿದರೆ ಸುರಂಗವೇನೂ ಮುಚ್ಚುವುದಿಲ್ಲ.

ಒಂದೂವರೆ ವರ್ಷ ಕಳೆದರೂ ಸುರಿಯುತ್ತಿದ್ದರೆ, ಅಥವಾ ಅದಕ್ಕೆ ಮೊದಲೇ ಪದೇ ಪದೇ ದೊಡ್ಡ ಕುರುವಾಗಿ ಮಗು ನರಳುತ್ತಿದ್ದರೆ, ಆಪರೇಷನ್ ಮಾಡಿಸಿ. ಅರಿವಳಿಕೆ ಕೊಟ್ಟು, ಹೊರಬಾಯಿಯಿಂದ ಮೊಂಡು ತುದಿಯ ಸಣ್ಣ ಸಲಾಕೆಯನ್ನು ಹಗುರವಾಗಿ ತೂರಿಸಿ, ಅದು ಯಾವ ಜೇಬಿನಲ್ಲಿ ಹೊರಬರುತ್ತದೆಂದು ನೋಡಿ, ಸಲಾಕೆಯ ಉದ್ದಕ್ಕೂ ಸುರಂಗದ ಮೇಲ್ಛಾವಣಿಯನ್ನು ಬಿಡಿಸಿಬಿಡುತ್ತಾರೆ. ಸುರಂಗ ಚರಂಡಿಯಾಗುತ್ತದೆ, ತಳದಿಂದ ಮೇಲಕ್ಕೆ ತುಂಬಿಕೊಂಡು ಬರುತ್ತದೆ. ಹೊಲಿಗೆ ಹಾಕುವುದಿಲ್ಲ, ಹಾಕಿದರೆ ಕೀವು ಒಳಗೇ ಉಳಿಯುತ್ತದೆ. ಸಾಮಾನ್ಯವಾಗಿ ಅವತ್ತೇ ಅಥವಾ ಮರುದಿನ ಮನೆಗೆ. ಕೆಲಸ ಕೆಡುವುದು ಎರಡು ಕಡೆ. ಸಲಾಕೆಯನ್ನು ಬಲವಾಗಿ ಒತ್ತಿ ಇಲ್ಲದ ದಾರಿ ಮಾಡಿದಾಗ, ಮತ್ತು ಒಳಗಿನ ಜೇಬನ್ನು ಗುರುತಿಸದೆ ಹೊರಬಾಯಿಯನ್ನಷ್ಟೇ ಕೆರೆದು ಬಿಟ್ಟಾಗ. ಆದ್ದರಿಂದ ಇದನ್ನು ಮಕ್ಕಳ ಶಸ್ತ್ರಚಿಕಿತ್ಸಕರಿಂದಲೇ ಮಾಡಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಅವರು ಸಿಗದಿದ್ದರೆ ಅಲ್ಲಿಂದಲೇ ರೆಫರಲ್ ಚೀಟಿ ಬರೆಸಿಕೊಳ್ಳಿ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆ ಹೋದಾಗ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಗೆ ಅದು ಬೇಕಾಗುತ್ತದೆ.

ಅರಸೀಕೆರೆಯಿಂದ: ನಮ್ಮ ಮಾವನವರಿಗೆ ಭಗಂದರ ಕ್ಷಾರಸೂತ್ರದಿಂದ ವಾಸಿಯಾಯಿತು. ಹತ್ತು ತಿಂಗಳ ಮೊಮ್ಮಗನಿಗೂ ಅದನ್ನೇ ಕಟ್ಟಿಸಿ ಎನ್ನುತ್ತಿದ್ದಾರೆ. ಮಾಡಿಸಬಹುದೇ?

ಹಾಸನದಲ್ಲಿ ಆಯುರ್ವೇದ ಕಾಲೇಜಿನ ಆಸ್ಪತ್ರೆಯೇ ಇರುವಾಗ ಈ ಪ್ರಶ್ನೆ ಬರುವುದು ಸಹಜ. ಭಗಂದರದ ವಿವರ ಸುಶ್ರುತ ಸಂಹಿತೆಯಲ್ಲೇ ಇದೆ. ಎಲೆಗಳ್ಳಿಯ ಹಾಲು, ಉತ್ತರಾಣಿಯ ಕ್ಷಾರ, ಅರಿಶಿನ ಲೇಪಿಸಿ ಒಣಗಿಸಿದ ದಾರವನ್ನು ಸುರಂಗದಲ್ಲಿ ಹಾಯಿಸಿ ಕಟ್ಟಿ, ವಾರಕ್ಕೊಮ್ಮೆ ಬದಲಿಸುತ್ತಾರೆ. ದಾರ ನಿಧಾನವಾಗಿ ಕೊಯ್ಯುತ್ತಾ ಹೋದಂತೆ ಹಿಂದೆ ಮಾಂಸ ಕೂಡುತ್ತಾ ಬರುತ್ತದೆ. ದೊಡ್ಡವರಿಗೆ ತರಬೇತಾದ ಕೈಯಲ್ಲಿ ಇದು ಒಳ್ಳೆಯ ಚಿಕಿತ್ಸೆ, ನಿಮ್ಮ ಮಾವನವರು ವಾಸಿಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಹತ್ತು ತಿಂಗಳ ಕೂಸಿಗೆ ಬೇಡ ಎನ್ನಲು ಎರಡು ಕಾರಣ. ಕ್ಷಾರ ಉರಿಯುತ್ತದೆ, ದೊಡ್ಡವರು ಹಲ್ಲುಕಚ್ಚಿ ಸಹಿಸಿಕೊಳ್ಳುವುದನ್ನು ಕೂಸು ಸಹಿಸಲಾರದು, ಪ್ರತಿ ವಾರ ದಾರ ಬದಲಿಸಲು ಅರಿವಳಿಕೆ ಕೊಡಲೂ ಆಗದು. ಅದಕ್ಕಿಂತ ಮುಖ್ಯವಾಗಿ, ಕ್ಷಾರಸೂತ್ರ ಮಾಡಬೇಕಾದ ಕೆಲಸವನ್ನು ಈ ವಯಸ್ಸಿನಲ್ಲಿ ಹೆಚ್ಚಿನ ಮಕ್ಕಳ ಮೈ ತಾನೇ ಮಾಡುತ್ತದೆ.

ಕಡೂರಿನಿಂದ: ಕೀವು ತೆಗೆಸಿಕೊಂಡು ಬಂದೆವು. ಗಾಯದೊಳಗೆ ಬಟ್ಟೆ ತುರುಕಿ ದಿನಾ ಬದಲಿಸಬೇಕು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಕಕ್ಕ ಗಾಯದೊಳಗೆ ಹೋದರೆ?

ಕೂಸಿನ ಸಣ್ಣ ಗಾಯಕ್ಕೆ ಬಟ್ಟೆ ತುರುಕುವ ಅಗತ್ಯವಿಲ್ಲ. ತುರುಕಿದ್ದು ಬಾಯಿಗೆ ಬೆಣೆಯಾಗಿ ಕೀವನ್ನು ತಡೆಯುತ್ತದೆ, ತೆಗೆಯುವಾಗ ಮಗುವಿಗೆ ವಿಪರೀತ ನೋವು. ಮಲ ತಾಗಿಯೇ ತಾಗುತ್ತದೆ. ಗುದದ ಸುತ್ತ ರಕ್ತಸಂಚಾರ ಚೆನ್ನಾಗಿರುವುದರಿಂದ ತೊಳೆದರೆ ಸಾಕು, ಗಾಯ ಮಾಯುತ್ತದೆ. ಚೊಂಬಿನಿಂದ ಬೆಚ್ಚಗಿನ ನೀರು ಧಾರೆಯಾಗಿ ಬಿಡಿ, ಬೆರಳು ಹಾಕಬೇಡಿ. ಮೊದಲೆರಡು ದಿನ ನಸುಗೆಂಪು ನೀರು ಜಿನುಗುವುದು ಸಹಜ. ಕಾಳಜಿ ವಹಿಸಬೇಕಾದದ್ದು ಚರ್ಮ ಮೇಲಷ್ಟೇ ಬೇಗ ಕೂಡಿಕೊಂಡು, ಕೆಳಗೆ ಮತ್ತೆ ಗಂಟು ಕಟ್ಟಿದಾಗ. ಹಾಗಾದರೆ ಆಪರೇಷನ್ ಮಾಡಿದವರಿಗೇ ತೋರಿಸಿ. ಮಗು ಊಟ ಶುರು ಮಾಡಿದ್ದರೆ ರಾಗಿ ಸರಿ ತೆಳ್ಳಗಿರಲಿ, ಮಲ ಗಟ್ಟಿಯಾಗಬಾರದು.

ಚಿಕ್ಕಮಗಳೂರಿನಿಂದ: ಮಗನಿಗೆ ಒಂಬತ್ತು ವರ್ಷ. ಒಂದೇ ವರ್ಷದಲ್ಲಿ ಎರಡನೇ ಸಲ ಗುದದ ಪಕ್ಕ ಕುರು. ಎರಡು ಸಲವೂ ಕೊಯ್ಸಿದೆವು. ಹೊಟ್ಟೆನೋವು ಅನ್ನುತ್ತಿರುತ್ತಾನೆ, ಬಾಯಲ್ಲಿ ಹುಣ್ಣು ಬರುತ್ತದೆ, ಹೋದ ವರ್ಷದ ಸಮವಸ್ತ್ರ ಇನ್ನೂ ಸರಿಹೋಗುತ್ತದೆ. ಮೈ ಉಷ್ಣ ಅಂತಾರೆ.

ನಿಮ್ಮ ಪತ್ರದಲ್ಲಿ ಆ ಸಮವಸ್ತ್ರದ ಮಾತೇ ನಮ್ಮನ್ನು ಹಿಡಿದು ನಿಲ್ಲಿಸಿತು. ಒಂಬತ್ತು ವರ್ಷದ ಹುಡುಗ ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯಬೇಕು. ಈ ಪುಟದಲ್ಲಿ ಕೂಸುಗಳ ಬಗ್ಗೆ ಬರೆದ ಯಾವ ಸಮಾಧಾನದ ಮಾತೂ ನಿಮ್ಮ ಮಗನಿಗೆ ಅನ್ವಯಿಸುವುದಿಲ್ಲ. ಎರಡು ವರ್ಷ ದಾಟಿದ ಮಗುವಿಗೆ, ಅದರಲ್ಲೂ ಮರುಕಳಿಸಿ ಬಂದರೆ, ಕುರು ಯಾಕೆ ಬಂತು ಎಂದು ಹುಡುಕಲೇಬೇಕು. ಹೊಟ್ಟೆನೋವು, ಬಾಯಿಹುಣ್ಣು, ನಿಂತ ಬೆಳವಣಿಗೆ, ಗುದದ ಪಕ್ಕ ಕುರು ಒಟ್ಟಿಗೆ ಬಂದಾಗ ಮೊದಲು ಯೋಚಿಸಬೇಕಾದದ್ದು ಕ್ರೋನ್ಸ್ ಕಾಯಿಲೆ, ಅಂದರೆ ಕರುಳಿನ ದೀರ್ಘಕಾಲದ ಉರಿಯೂತ. ಎಷ್ಟೋ ಮಕ್ಕಳಲ್ಲಿ ಭೇದಿ ಶುರುವಾಗುವ ಮೊದಲೇ ಗುದದ ಪಕ್ಕದ ಕುರುವಾಗಿ ಕಾಣಿಸಿಕೊಳ್ಳುತ್ತದೆ. ನಮ್ಮ ಕಡೆ ಕರುಳಿನ ಕ್ಷಯವೂ ಇದೇ ವೇಷದಲ್ಲಿ ಬರುವುದರಿಂದ ಎರಡನ್ನೂ ಬೇರ್ಪಡಿಸಿ ನೋಡಬೇಕು.

ಮೊದಲು ಪೂರ್ತಿ ರಕ್ತಕಣ ಪರೀಕ್ಷೆ, ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದೆಯೇ ಎಂದು ತೋರಿಸುವ ರಕ್ತಪರೀಕ್ಷೆ), ಆಲ್ಬುಮಿನ್ (ರಕ್ತದಲ್ಲಿನ ಪ್ರೋಟೀನ್), ರಕ್ತದ ಸಕ್ಕರೆ, ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತದ ಗುರುತು). ಆಮೇಲೆ ಸೊಂಟದ ಎಂಆರ್‌ಐ, ಸುರಂಗ ಎಲ್ಲೆಲ್ಲಿ ಹರಿದಿದೆ ಎಂದು ತಿಳಿಯಲು. ಕೊನೆಗೆ ಕೊಲೊನೊಸ್ಕೋಪಿ, ಅಂದರೆ ಗುದದಿಂದ ಕ್ಯಾಮೆರಾ ಕೊಳವೆ ಬಿಟ್ಟು ಕರುಳಿನ ಒಳಗನ್ನು ನೋಡಿ, ಅದರ ಚೂರು ತೆಗೆದು ಪರೀಕ್ಷಿಸುವುದು. ಇದೆಲ್ಲ ಮುಗಿಯುವವರೆಗೆ ಮೂರನೇ ಸಲ ಕೊಯ್ದು ಸುರಂಗ ಬಿಡಿಸಲು ಒಪ್ಪಬೇಡಿ. ಕ್ರೋನ್ಸ್ ಇದ್ದಾಗ ಹಾಗೆ ಮಾಡಿದ ಗಾಯ ತಿಂಗಳುಗಟ್ಟಲೆ ಮಾಯುವುದಿಲ್ಲ, ಸ್ನಾಯುವಿಗೂ ಪೆಟ್ಟಾದರೆ ಮಲ ಹಿಡಿಯುವ ಶಕ್ತಿಯೇ ಹೋಗಬಹುದು. ಕೀವು ಕಟ್ಟಿದರೆ ಅದನ್ನಷ್ಟೇ ತೆಗೆದು, ಸುರಂಗದಲ್ಲಿ ಸಡಿಲವಾಗಿ ಒಂದು ದಾರ ಬಿಟ್ಟು, ಕೀವು ಹರಿಯಲು ದಾರಿ ಮಾಡಿಕೊಟ್ಟು, ಕಾಯಿಲೆಗೆ ಔಷಧಿ ಕೊಡುವುದು ಕ್ರಮ. ಉರಿಯೂತ ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಥರದ ಇಂಜೆಕ್ಷನ್ ಬೇಕಾದರೆ, ಅಡಗಿರುವ ಕ್ಷಯ ಇಲ್ಲವೆಂದು ಮೊದಲು ಖಚಿತವಾಗಬೇಕು, ಇದ್ದರೆ ಆ ಔಷಧಿ ಅದನ್ನು ಎಬ್ಬಿಸುತ್ತದೆ. ಮಕ್ಕಳ ಕರುಳುರೋಗ ತಜ್ಞರನ್ನು ಈ ತಿಂಗಳೊಳಗೇ ನೋಡಿ. ಶಾಲೆಯಲ್ಲಿ ಬರೆದಿಟ್ಟ ಎತ್ತರ ತೂಕದ ಹಳೆಯ ಲೆಕ್ಕ ಸಿಕ್ಕರೆ ಜೊತೆಗೆ ಒಯ್ಯಿರಿ, ಪರೀಕ್ಷೆಗಳಷ್ಟೇ ಬೆಲೆ ಅದಕ್ಕಿದೆ.

ಇದನ್ನು ಓದುತ್ತಿರುವ ಕೂಸುಗಳ ತಾಯಂದಿರಿಗೂ ಒಂದು ಮಾತು. ಚಿಕ್ಕ ಮಗುವಿನಲ್ಲೂ ಕೆಲವೊಮ್ಮೆ ರೋಗನಿರೋಧಕ ಶಕ್ತಿಯ ಹುಟ್ಟು ದೋಷವೇ ಕಾರಣವಾಗಿರಬಹುದು. ಹೊಕ್ಕುಳ ಬಳ್ಳಿ ತಿಂಗಳು ಕಳೆದರೂ ಉದುರದೆ ಇದ್ದದ್ದು, ಬಿಸಿಜಿ ಲಸಿಕೆ ಹಾಕಿದ ಕಡೆಯ ಕಂಕುಳಲ್ಲಿ ದೊಡ್ಡ ಗಂಟೆದ್ದು ಸುರಿದದ್ದು, ನ್ಯುಮೋನಿಯಾ ಮರಳಿ ಮರಳಿ ಬಂದದ್ದು, ತಾಯಿಯ ತವರಿನ ಕಡೆ ಗಂಡು ಕೂಸುಗಳು ಸೋಂಕಿನಿಂದ ತೀರಿಕೊಂಡದ್ದು, ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗಿರುವುದು, ಇವು ಯಾವುದಿದ್ದರೂ ಕೇಳುವ ಮೊದಲೇ ವೈದ್ಯರಿಗೆ ಹೇಳಿ.

ಹೊಳೆನರಸೀಪುರದಿಂದ: ಎರಡು ತಿಂಗಳ ಹೆಣ್ಣು ಮಗು. ಉಚ್ಚೆ ಹೋಗುವ ಜಾಗದ ಹತ್ತಿರ ಸ್ವಲ್ಪ ಮಲ ಕಾಣುತ್ತದೆ. ಒರೆಸಿದ ಮೇಲೂ ಬರುತ್ತದೆ. ಇದೂ ಫಿಸ್ಟುಲಾವೇ?

ಇದು ಬೇರೆ ಬಗೆಯದು, ಕಾಯಬೇಡಿ. ಗುದನಾಳಕ್ಕೂ ಯೋನಿದ್ವಾರಕ್ಕೂ ನಡುವೆ ಹುಟ್ಟಿನಿಂದಲೇ ದಾರಿ ಇರಬಹುದು, ಅಥವಾ ಸೋಂಕಿನಿಂದ ಆಗಿರಬಹುದು. ಗುದದ್ವಾರ ಸರಿಯಾದ ಜಾಗದಲ್ಲಿದೆಯೇ, ಸರಿಯಾದ ಗಾತ್ರದಲ್ಲಿದೆಯೇ ಎಂದು ಮಕ್ಕಳ ಶಸ್ತ್ರಚಿಕಿತ್ಸಕರು ಈ ವಾರವೇ ನೋಡಬೇಕು.

ಕೊಪ್ಪದಿಂದ: ನಾನು ಬದನೆಕಾಯಿ, ಮೀನು ತಿಂದದ್ದಕ್ಕೆ ನಂಜಾಗಿ ಕೂಸಿಗೆ ಕುರುವಾಯಿತು ಎನ್ನುತ್ತಾರೆ. ಬರೀ ಸಾರನ್ನ ತಿನ್ನುತ್ತಿದ್ದೇನೆ.

ಎಲ್ಲವನ್ನೂ ತಿನ್ನಿ. ಈ ಕುರುವಿಗೂ ನಿಮ್ಮ ಊಟಕ್ಕೂ ಸಂಬಂಧವಿಲ್ಲ. ಪಥ್ಯ ಮಾಡಿ ನೀವು ಸೊರಗಿದರೆ ನಷ್ಟ ನಿಮಗೂ ಮಗುವಿಗೂ. ಎದೆಹಾಲು ಮುಂದುವರಿಯಲಿ. ಹಾಲಿನ ಮಗುವಿನ ಮಲ ಮೆತ್ತಗಿರುವುದರಿಂದ ಗಾಯಕ್ಕೂ ಒಳ್ಳೆಯದು.

ಮೂಡಿಗೆರೆಯಿಂದ: ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ. ಡಯಾಪರ್ ಹಾಕಿದರೆ ಕುರು ಬರುತ್ತದೆ ಎನ್ನುತ್ತಾರೆ. ಏನು ಮಾಡಲಿ?

ಕುರು ಒಳಗಿನಿಂದ ಬರುವುದು, ಡಯಾಪರಿನಿಂದಲ್ಲ. ಹಸಿಯಾಗಿ ಗಂಟೆಗಟ್ಟಲೆ ಬಿಟ್ಟರೆ ಚರ್ಮ ಕೆಂಪಾಗಿ ನೆಂದು ಹೋಗುತ್ತದೆ, ಇರುವ ಕುರು ಕೆರಳುತ್ತದೆ, ಅಷ್ಟೇ. ಅರೆ ಒಣಗಿದ ಬಟ್ಟೆಗಿಂತ ಒಣ ಡಯಾಪರ್ ಮೇಲು. ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಿ, ಕಕ್ಕ ಮಾಡಿದರೆ ಆಗಲೇ ಬದಲಿಸಿ. ಸುವಾಸನೆಯ ವೈಪ್ಸ್ ಬದಲು ನೀರಿನಲ್ಲಿ ತೊಳೆಯಿರಿ, ಪೌಡರ್ ಉದುರಿಸಬೇಡಿ. ಬಟ್ಟೆಯೇ ಕಟ್ಟುವುದಾದರೆ ಸೋಪಿನ ಅಂಶ ಹೋಗುವವರೆಗೆ ಜಾಲಿಸಿ, ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಹಾಕಿದ್ದನ್ನು ಕಟ್ಟುವ ಮೊದಲು ಇಸ್ತ್ರಿ ಮಾಡಿ. ಕೆನ್ನೆಗೆ ಒತ್ತಿ ನೋಡಿದಾಗ ತಣ್ಣಗೆ ಅನ್ನಿಸಿದರೆ ಅದರಲ್ಲಿನ್ನೂ ತೇವ ಇದೆ, ಇನ್ನೊಂದು ಸಲ ಇಸ್ತ್ರಿ ಆಡಿಸಿ.